ಮೇಸ್ತ್ರಿ ಮುಚ್ಚಿದ ತೂತು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮೇಸ್ತ್ರಿಯ ಮನೆಯ ಹಿಂದಿನ ಶೆಡ್ಡಿನ ಮೇಲೆ ಆಕಾಶದಿಂದ ಕಲ್ಲು ಬಿತ್ತು. ತಗಡು ಹರಿದುಕೊಂಡು ಒಳಗೆ ಬಂದು, ಸಿಮೆಂಟ್ ನೆಲದಲ್ಲಿ ಲೋಟದ ಬಾಯಷ್ಟು ಕುಳಿ ಮಾಡಿ, ಉರುಳಿ ಹೋಗಿ ಏಣಿಯ ಕಾಲಿಗೆ ತಾಗಿ ನಿಂತಿತು. ಆ ಹೊತ್ತಿನಲ್ಲಿ ಅಲ್ಲಿದ್ದವನು ಮೇಸ್ತ್ರಿ ಒಬ್ಬನೇ. ತೊಂದರೆ ಬಂದದ್ದೇ ಅದರಿಂದ.

ಅವನು ಮೂವತ್ತೊಂದು ವರ್ಷದಿಂದ ಚಾವಣಿ ಕೆಲಸದವನು. ಅವನು ಹೊದಿಸಿದ ಚಾವಣಿ ಸೋರಿತು ಎಂದು ಬೀದಿಯಲ್ಲಿ ಯಾರೂ ಹೇಳಿದ್ದಿಲ್ಲ. ಅವನು ಹೇಳಿದ ಮಾತು ನಿಜವಾಯಿತು ಎಂದೂ ಯಾರೂ ಹೇಳಿದ್ದಿಲ್ಲ. ಬಿರುಗಾಳಿಯಲ್ಲಿ ತಗಡು ಹಿಡಿದುಕೊಂಡೇ ಹಾರಿ ಎರಡು ಬೀದಿ ಆಚೆ ಇಳಿದದ್ದು, ಕಳೆದುಹೋದ ಇಕ್ಕಳವನ್ನು ಮೂರು ದಿನ ಬಿಟ್ಟು ಕಾಗೆ ತಂದು ಕೊಟ್ಟದ್ದು, ಹೀಗೆ ಅವನ ಬಳಿ ದಿನಕ್ಕೊಂದು ಕತೆ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಬುರುಡೆ ಮೇಸ್ತ್ರಿ.

ಬಸ್ ಡಿಪೋದ ಕಚೇರಿಯಲ್ಲಿ ಕಸ ಗುಡಿಸುವ ಕೆಲಸ ಮುಗಿಸಿ ಹೆಂಡತಿ ಮನೆಗೆ ಬಂದದ್ದು ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ. ಶೆಡ್ಡಿನ ನೆಲದ ಮೇಲೆ ಅಂಗೈಯಗಲ ಬಿಸಿಲು ಬಿದ್ದಿತ್ತು. ತಲೆಯೆತ್ತಿ ನೋಡಿದಳು. "ಏನ್ರೀ ಇದು, ಒಳ್ಳೇ ತಗಡಿಗೆ ತೂತು ಹೊಡೆದು ಕೂತಿದೀರಲ್ಲ?"

"ನಾನಲ್ಲ ಕಣೇ. ಆಕಾಶದಿಂದ ಕಲ್ಲು ಬಿತ್ತು."

"ಆಯ್ತು. ಕೈ ತೊಳ್ಕೊಂಡು ಬನ್ನಿ, ಊಟಕ್ಕೆ ಇಡ್ತೀನಿ."

ಊಟ ಮುಗಿದ ಮೇಲೆ ಮೇಸ್ತ್ರಿ ಏಣಿ ಹಾಕಿದ. ಮೂರು ಗಂಟೆಯೊಳಗೆ ತೂತಾದ ತಗಡನ್ನು ಇಳಿಸಿ ಹೊಸದನ್ನು ಕೂರಿಸಿದ. ನೆಲದ ಕುಳಿಗೆ ಸಿಮೆಂಟ್ ಮೆತ್ತಿದ. ಇಳಿಸಿದ ತಗಡನ್ನು ಬಿಸಾಡುವ ಜಾಯಮಾನ ಅವನದಲ್ಲ. ಎದುರು ಸಾಲಿನಲ್ಲಿ ಲಾಂಡ್ರಿ ಇಟ್ಟಿದ್ದ ಹೆಂಗಸು ಬಾಯ್ಲರಿನ ಹೊಗೆಗೆ ದಾರಿ ಮಾಡಿಕೊಡಿ ಎಂದು ಎರಡು ತಿಂಗಳಿಂದ ಕೇಳುತ್ತಿದ್ದಳು. ತಗಡಿನಲ್ಲಿ ತೂತು ಹೇಗೂ ಇತ್ತು. ಒಳಕ್ಕೆ ಮಡಚಿಕೊಂಡಿದ್ದ ಅಂಚನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಲಾಂಡ್ರಿಯ ಮೇಲೆ ಹೊದಿಸಿ, ಮೂರಿಂಚಿನ ಕೊಳವೆ ತೂರಿಸಿ, ಸುತ್ತ ಡಾಂಬರು ಬಳಿದ. ಕಲ್ಲನ್ನು ಮಾತ್ರ ಮನೆಗೆ ತಂದ. ಗಾಳಿಗೆ ಪಟಪಟ ಬಡಿಯುತ್ತಿದ್ದ ಅಡುಗೆಮನೆ ಬಾಗಿಲಿಗೆ ಅದು ಒತ್ತು ಕೊಡಲು ಚೆನ್ನಾಗಿತ್ತು.

ಎಂಟು ದಿನದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ಊರಾಚೆಯ ಹೊಲಗಳಲ್ಲಿ ಕಪ್ಪು ಸಿಪ್ಪೆಯ ಹನ್ನೊಂದು ಕಲ್ಲು ಸಿಕ್ಕಿದ್ದವು. ಎಲ್ಲವೂ ಅದೇ ಮಂಗಳವಾರ ಬಿದ್ದ ಉಲ್ಕೆಯ ಚೂರುಗಳು. ಅವನ್ನು ಕೊಳ್ಳುವವರು ಬಂದು ವಸತಿಗೃಹದಲ್ಲಿ ಕೋಣೆ ಹಿಡಿದಿದ್ದರು. ಮೇಸ್ತ್ರಿ ಪತ್ರಿಕೆಯನ್ನು ಮಡಿಸಿ ಹೆಂಡತಿಯ ಮುಂದಿಟ್ಟ. ಅವಳು ಓದಿದಳು. ಬಾಗಿಲಿನ ಕಲ್ಲನ್ನು ನೋಡಿದಳು. "ಹೊಲದಿಂದ ಎತ್ಕೊಂಡು ಬಂದ್ರಾ?" ಎಂದಳು.

ಕೊಳ್ಳುವವರಲ್ಲಿ ಒಬ್ಬರು ಮೇಸ್ತ್ರಿಯ ಮನೆಗೆ ಬಂದರು. ಐವತ್ತು ದಾಟಿದ ಹೆಂಗಸು, ಮೊದಲು ಭೂವಿಜ್ಞಾನದ ಅಧ್ಯಾಪಕಿಯಾಗಿದ್ದವರು. ಬೀದಿಯವರು ಆಗಲೇ ಅವರಿಗೆ ಕಲ್ಲು ಮೇಡಂ ಎಂದು ಹೆಸರಿಟ್ಟಿದ್ದರು. ಕೈಗವಸು ಹಾಕಿಕೊಂಡು ಕಲ್ಲನ್ನೆತ್ತಿ ತಕ್ಕಡಿಯಲ್ಲಿಟ್ಟರು. ಆರುನೂರ ಮೂವತ್ತೆಂಟು ಗ್ರಾಂ. ಒಂದು ಮೂಲೆಯಲ್ಲಿ ಕಪ್ಪು ಸಿಪ್ಪೆ ಒಡೆದು ಒಳಗಿನ ಬೂದುಬಣ್ಣ ಕಾಣುತ್ತಿತ್ತು. ಅದನ್ನು ಭೂತಗನ್ನಡಿಯಲ್ಲಿ ನೋಡುತ್ತಿರುವಾಗ ಮೇಸ್ತ್ರಿಯ ಭಾಮೈದ ಜೇಬಿಗೆ ಕೈ ಹಾಕಿದ. ಅವನದು ಗುಜರಿ ವ್ಯಾಪಾರ, ಜೇಬಲ್ಲಿ ಸದಾ ದೊಡ್ಡದೊಂದು ಅಯಸ್ಕಾಂತ.

"ಹಿಡಿದು ನೋಡೇಬಿಡೋಣ, ಕಬ್ಬಿಣ ಇದ್ರೆ ಅಂಟುತ್ತೆ."

"ದೂರ!" ಮೇಡಂ ಕಲ್ಲನ್ನು ಎದೆಗವುಚಿಕೊಂಡರು. "ಇದು ಹುಟ್ಟಿದಾಗಿನ ಕಾಂತದ ಗುರುತು ಇದರೊಳಗೆ ಇರುತ್ತಪ್ಪ. ಜೋರು ಅಯಸ್ಕಾಂತ ತಾಗಿಸಿದ್ರೆ ಸ್ಲೇಟಿನ ಮೇಲೆ ಒದ್ದೆ ಬಟ್ಟೆ ಆಡಿಸಿದ ಹಾಗೆ, ಪೂರ್ತಿ ಅಳಿಸಿಹೋಗುತ್ತೆ."

"ಭಾವನ ಬಾಯಿಗೂ ಅಂಥದ್ದೊಂದು ಇದ್ದಿದ್ರೆ..." ಎಂದು ಭಾಮೈದ ಅಯಸ್ಕಾಂತವನ್ನು ಒಳಗಿಟ್ಟ.

ಕಲ್ಲು ಉಲ್ಕೆಯೇ ಎಂಬ ಬಗ್ಗೆ ಮೇಡಂಗೆ ಸಂಶಯ ಉಳಿಯಲಿಲ್ಲ. ಬಿದ್ದಾಗ ಹೇಗಿತ್ತು ಎಂದು ಕೇಳಿದರು. ಮೇಸ್ತ್ರಿ ಕತ್ತು ಕೆರೆದುಕೊಂಡ. "ಕೆಂಡದ ಹಾಗಿತ್ತು ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ ಮೇಡಂ. ಆದ್ರೆ ಮುಟ್ಟಿದಾಗ ತಣ್ಣಗಿತ್ತು. ನೆರಳಲ್ಲಿಟ್ಟ ಇಟ್ಟಿಗೆ ಇರುತ್ತಲ್ಲ, ಹಾಗೆ."

ಮೇಡಂ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಇಂಥ ಕಲ್ಲುಗಳ ಮೈ ಮೇಲೆ ಸಿಪ್ಪೆಯಷ್ಟೇ ಕರಗುತ್ತದೆ. ಕೊನೆಯ ಹಲವು ಕಿಲೋಮೀಟರು ತಣ್ಣನೆ ಗಾಳಿಯಲ್ಲಿ ಬೀಳುವುದರಿಂದ ನೆಲ ಸೇರುವಾಗ ಅವು ಸುಡುವುದಿಲ್ಲ. ಕೈ ಸುಟ್ಟಿತು ಎಂದು ಹೇಳುವವರೇ ಹೆಚ್ಚು.

"ಸರಿ, ತೂತು ತೋರಿಸಿ."

"ಮುಚ್ಚಿದೆ."

"ಯಾವಾಗ?"

"ಅವತ್ತೇ."

"ಅಷ್ಟು ಅವಸರ ಏನಿತ್ತು?"

ಮೇಸ್ತ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಚಾವಣಿ ಕೆಲಸದವನ ಮನೇಲೇ ತೂತಿದ್ರೆ ನಾಳೆ ಯಾರು ಕೆಲಸ ಕೊಡ್ತಾರೆ ಮೇಡಂ?"

"ನೆಲದ ಕುಳಿ?"

"ಅದಕ್ಕೂ ಮೆತ್ತಿದೆ. ಕಲಸಿದ ಸಿಮೆಂಟ್ ಮಿಕ್ಕಿತ್ತು."

ಮೇಡಂ ಜಗಲಿಯ ಮೇಲೆ ಕುಳಿತು ತಮ್ಮ ವ್ಯಾಪಾರದ ರೀತಿ ವಿವರಿಸಿದರು. ಪ್ರತಿ ಕಲ್ಲಿನ ಜೊತೆ ಒಂದು ಚೀಟಿ ಹೋಗುತ್ತದೆ. ಎಲ್ಲಿ ಬಿತ್ತು, ಯಾರು ಎತ್ತಿದರು, ತೂಕ ಎಷ್ಟು ಎಂದು ಅದರಲ್ಲಿರುತ್ತದೆ. ಕಲ್ಲು ಎಷ್ಟು ಕೈ ಬದಲಾದರೂ ಚೀಟಿ ಜೊತೆಗೇ ಇರುತ್ತದೆ. ಹೊಲದಲ್ಲಿ ಸಿಕ್ಕ ಕಲ್ಲಿಗೆ ಒಂದು ದರ. ಮನೆಯನ್ನು ತೂತು ಮಾಡಿದ ಕಲ್ಲು ಅಪರೂಪ, ಅದಕ್ಕೆ ಐದು ಪಟ್ಟು. ಪೆಟ್ಟು ತಿಂದ ತಗಡಿಗೂ ಬೇರೆ ಬೆಲೆ ಉಂಟು.

ಹೊಲದ ದರದಲ್ಲಿ ಮೇಸ್ತ್ರಿಗೆ ಎರಡು ಹೊಸ ಏಣಿ ಬರುತ್ತಿತ್ತು. ಐದು ಪಟ್ಟಾದರೆ ತಗಡು ಸಾಗಿಸುವ ಸಣ್ಣ ಗಾಡಿಯೇ ಬರುತ್ತಿತ್ತು. ಅವನ ಬಲ ಮಂಡಿ ಇನ್ನೆರಡು ವರ್ಷ ಏಣಿ ಹತ್ತಿದರೆ ಹೆಚ್ಚು. ಆದರೂ ಅವನು ಗಾಡಿಯ ವಿಷಯ ಎತ್ತಲಿಲ್ಲ. "ಚೀಟೀಲಿ ನನ್ನ ಮನೆ ಮೇಲೆ ಬಿತ್ತು ಅಂತ ಬರೀತೀರಾ?" ಎಂದು ಕೇಳಿದ.

"ತಗಡು ನೋಡಿದ ಮೇಲೆ."

ಲಾಂಡ್ರಿಯವಳು ಗೊಣಗುತ್ತಲೇ ಬಾಯ್ಲರ್ ಆರಿಸಿದಳು. ಮೇಸ್ತ್ರಿ ಕೊಳವೆ ಕಿತ್ತ. ಮೇಡಂ ಏಣಿ ಹತ್ತಿ ತೂತಿನ ಸುತ್ತ ಬೆರಳಾಡಿಸಿದರು. ಅಂಚು ಒಳಕ್ಕೂ ಇರಲಿಲ್ಲ, ಹೊರಕ್ಕೂ ಇರಲಿಲ್ಲ, ತಟ್ಟೆಯ ಹಾಗೆ ಸಮನಾಗಿತ್ತು. ಸುತ್ತಲೂ ಬೆರಳು ದಪ್ಪದ ಡಾಂಬರು.

"ನಿಮ್ಮ ಕೆಲಸ ತುಂಬಾ ಚೊಕ್ಕ ಮೇಸ್ತ್ರಿ," ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. "ಇದು ಮೇಲಿಂದ ಹರಿದದ್ದು ಅಂತ ಯಾರಿಗೂ ತೋರಿಸೋಕಾಗಲ್ಲ. ನಾಳೆ ಮಧ್ಯಾಹ್ನ ಬರ್ತೀನಿ. ಬೇರೇನಾದ್ರೂ ಗುರುತು ಇದ್ರೆ ಹುಡುಕಿಡಿ. ಇಲ್ಲಾಂದ್ರೆ ಹೊಲದ ದರ, ಹೊಲದ ಚೀಟಿ."

ಮೇಡಂ ಬೀದಿಯ ತಿರುವು ದಾಟುವುದನ್ನೇ ಭಾಮೈದ ಕಾಯುತ್ತಿದ್ದ. "ಭಾವ, ನನ್ನ ಗುಜರೀಲಿ ಇದೇ ಥರದ ಹಳೇ ತಗಡಿದೆ. ಮೂವತ್ತು ವರ್ಷ ತೂತು ಮುಚ್ಚಿದ ಕೈ ನಿಮ್ದು, ಒಂದೇ ಒಂದು ತೂತು ಮಾಡೋಕೆ ಬರಲ್ವಾ?"

ಸಂಜೆ ಮೇಸ್ತ್ರಿ ಆ ತಗಡು ತರಿಸಿದ. ಎರಡು ಮರದ ದಿಮ್ಮಿಗಳ ಮೇಲೆ ಅದನ್ನು ಅಡ್ಡ ಹಾಸಿ, ಹಳೆಯ ತೂಕದ ಗುಂಡೊಂದನ್ನು ಮೇಲಿಟ್ಟು, ದೊಡ್ಡ ಸುತ್ತಿಗೆಯಿಂದ ಒಂದೇ ಏಟು ಹಾಕಿದ. ಗುಂಡು ಕೆಳಗೆ ಬಿತ್ತು. ತಗಡು ನಾಲ್ಕು ದಳವಾಗಿ ಒಳಕ್ಕೆ ಬಿರಿಯಿತು. ಅಂಚಿಗೆ ಒಲೆಯ ಮಸಿ ಸವರಿದ. ಭಾಮೈದ ಶಿಳ್ಳೆ ಹಾಕಿ, ಬೆನ್ನು ತಟ್ಟಿ ಹೊರಟುಹೋದ.

ಹೆಂಡತಿ ಕಾಫಿ ತಂದಳು. ತಗಡನ್ನು ಗೋಡೆಗೆ ಒರಗಿಸಿ ಮೇಸ್ತ್ರಿ ಅದನ್ನೇ ನೋಡುತ್ತ ಕೂತಿದ್ದ.

"ಚೆನ್ನಾಗಿ ಬಂದಿದೆಯಲ್ಲ," ಅಂದಳು ಅವಳು.

"ಅದೇ ತೊಂದರೆ. ಅದು ಹೀಗಿರಲಿಲ್ಲ ಕಣೇ. ಇಷ್ಟು ಗುಂಡಗೆ ಇರಲೇ ಇಲ್ಲ. ಓರೆಯಾಗಿ ಬಂದಿತ್ತು, ಒಂದು ಕಡೆ ಸೀಳು ಉದ್ದ. ಮೂರೇ ನಾಲಿಗೆ ಒಳಕ್ಕೆ ಜೋತುಬಿದ್ದಿದ್ವು, ಒಂದರ ತುದಿ ಸುರುಳಿ ಸುತ್ಕೊಂಡಿತ್ತು. ಅಸಹ್ಯವಾಗಿತ್ತು. ನನ್ನ ಕೆಲಸದವನು ಯಾರಾದ್ರೂ ಅಂಥ ತೂತು ಮಾಡಿದ್ರೆ ಕೂಲಿ ಕೊಡ್ತಿರಲಿಲ್ಲ."

ಹೆಂಡತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅವನ ಕತೆಗಳಲ್ಲಿ ಗಾಳಿ ಯಾವಾಗಲೂ ಬಿರುಗಾಳಿ, ಕಾಗೆ ಯಾವಾಗಲೂ ಬುದ್ಧಿವಂತ. ಕತೆಯೊಳಗಿನ ಯಾವುದೊಂದನ್ನೂ ಅವನು ಇಷ್ಟು ಹೀಯಾಳಿಸಿದ್ದನ್ನು ಅವಳು ಕೇಳಿರಲಿಲ್ಲ. ಮಂಗಳವಾರ ಮಧ್ಯಾಹ್ನ ತಾನು ತಲೆಯೆತ್ತಿ ನೋಡಿದ್ದು ಅವಳ ನೆನಪಿಗೆ ಬಂತು.

"ಸುರುಳಿ ಸುತ್ಕೊಂಡಿದ್ದು ಬಾಗಿಲ ಕಡೇದು," ಅಂದಳು.

"ನೀನು ನೋಡಿದ್ಯಾ?"

"ನೋಡ್ದೆ ಬೈದ್ನಾ? ಒಂಬತ್ತು ಗಂಟೆಗೆ ಬಕೆಟ್ ತಗೊಳ್ಳೋಕೆ ಹೋದಾಗ ಶೆಡ್ಡು ಕತ್ತಲೆಯಿತ್ತು. ಬಂದು ನೋಡಿದ್ರೆ ನೆಲದ ಮೇಲೆ ಬಿಸಿಲು." ಕೆಳಗಿಟ್ಟ ಲೋಟವನ್ನು ಅವನತ್ತ ಸರಿಸಿ, "ಅವತ್ತು ನಿಮ್ಮನ್ನ ಸರಿಯಾಗಿ ಕೇಳಲೇ ಇಲ್ವಲ್ಲ ನಾನು," ಎಂದಳು.

ಮರುದಿನ ಮಧ್ಯಾಹ್ನ ಮೇಡಂ ಬಂದಾಗ ಗೋಡೆಗೆ ಒರಗಿದ್ದ ತಗಡು ಮೊದಲು ಅವರ ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರು. ಭಾಮೈದ ತಗಡನ್ನು ಬೆಳಕಿಗೆ ತಿರುಗಿಸಿ ಹಿಡಿದ.

"ಇದು ಎಲ್ಲಿತ್ತು?"

"ಎಲ್ಲೂ ಇರಲಿಲ್ಲ. ನಿನ್ನೆ ಸಂಜೆ ನಾನೇ ಮಾಡಿದ್ದು," ಎಂದ ಮೇಸ್ತ್ರಿ.

ಭಾಮೈದ ಹಣೆ ಚಚ್ಚಿಕೊಂಡ. "ಹುಟ್ಟಿದಾಗಿಂದ ಸುಳ್ಳು ಹೇಳಿದೋರಿಗೆ ಇವತ್ತೇ ಬಾಯಿ ಕಟ್ಟಬೇಕಾ!"

"ನೀನು ಸುಮ್ಮನಿರೋ," ಎಂದಳು ಅಕ್ಕ. ಅವಳೇ ಮೇಡಂ ಎದುರು ಬಂದು ನಿಂತು ಬೆಳಿಗ್ಗೆಯ ಕತ್ತಲೆ, ಮಧ್ಯಾಹ್ನದ ಬಿಸಿಲು, ಮೂರು ನಾಲಿಗೆ, ಬಾಗಿಲ ಕಡೆಯ ಸುರುಳಿ ಎಲ್ಲವನ್ನೂ ಹೇಳಿದಳು. ಒಂಬತ್ತು ಗಂಟೆ ಎಂದು ಹೇಗೆ ಗೊತ್ತು ಎಂದು ಮೇಡಂ ಕೇಳಿದರು. ಒಂಬತ್ತೂ ಹತ್ತರ ಬಸ್ಸಿಗೆ ಹೋಗುವವಳು ತಾನು, ಡಿಪೋದ ಹಾಜರಿ ಪುಸ್ತಕದಲ್ಲಿ ತನ್ನ ಸಹಿ ಇದೆ, ಬೇಕಾದರೆ ನೋಡಿಬನ್ನಿ ಎಂದಳು.

"ಕಲ್ಲು ಬಿದ್ದದ್ದನ್ನ ನೀವು ನೋಡಲಿಲ್ಲ."

"ಇಲ್ಲ. ನಾನು ನೋಡದೇ ಇರೋದನ್ನ ಬರೀಬೇಡಿ. ನೋಡಿದ್ದನ್ನ ಬರೀರಿ."

ಮೇಡಂ ಮತ್ತೆ ಲಾಂಡ್ರಿಯ ಏಣಿ ಹತ್ತಿದರು. ಈ ಸಲ ಅವರು ನೋಡಿದ್ದು ಶೆಡ್ಡಿನಲ್ಲಿದ್ದಾಗ ಬಾಗಿಲ ಕಡೆಗಿದ್ದ ಅಂಚನ್ನು ಮಾತ್ರ. ತಟ್ಟಿದ ತಗಡಿನಲ್ಲೂ ಸುರುಳಿ ಇದ್ದ ಜಾಗದಲ್ಲಿ, ಡಾಂಬರು ಹತ್ತದ ಒಳಮೈ ಮೇಲೆ, ಕೂದಲೆಳೆಯಂಥ ಮೂರು ಮಡಿಕೆಯ ಗೆರೆಗಳಿದ್ದವು. ತಗಡನ್ನು ಡಾಂಬರಿನ ಸಮೇತ ತಾವೇ ಕೊಳ್ಳುವುದಾಗಿ ಹೇಳಿದರು. ಪ್ರಯೋಗಾಲಯದಲ್ಲಿ ಡಾಂಬರು ಬಿಡಿಸಿದಾಗ ಅಡಿಯಲ್ಲಿ ಕಲ್ಲಿನ ಸಿಪ್ಪೆಯ ಪುಡಿ ಸಿಕ್ಕರೆ ಐದು ಪಟ್ಟು. ಸಿಗದಿದ್ದರೆ ಎರಡು ಪಟ್ಟು. ಇವತ್ತು ಕೈಗೆ ಕೊಡುವುದು ಎರಡು ಪಟ್ಟು. "ಅದಕ್ಕಿಂತ ಹೆಚ್ಚು ಕೊಟ್ರೆ ನಾನು ಬುರುಡೆ ಕೊಂಡ ಹಾಗಾಗುತ್ತೆ," ಎಂದರು. ಮೇಸ್ತ್ರಿಗೇ ನಗು ಬಂತು.

ಚೀಟಿಯನ್ನು ಜಗಲಿಯ ಮೇಲೆ ಕೂತು ಬರೆದರು. ಓದಿ ಹೇಳಿ ಎಂದು ಮೇಸ್ತ್ರಿ ಕೇಳಿದ್ದಕ್ಕೆ ಓದಿದರು: "ತೂಕ ೬೩೮ ಗ್ರಾಂ. ಮಂಗಳವಾರ ೧೦.೪೦ಕ್ಕೆ ಶೆಡ್ಡಿನ ತಗಡು ಹರಿದು ಒಳಗೆ ಬಿತ್ತು ಎಂದು ಎತ್ತಿದವರ ಹೇಳಿಕೆ. ೯ ಗಂಟೆಗೆ ತೂತು ಇರಲಿಲ್ಲ, ೧೧.೪೫ಕ್ಕೆ ಇತ್ತು ಎಂದು ಅವರ ಪತ್ನಿಯ ಹೇಳಿಕೆ. ತೂತಿನ ಅಂಚನ್ನು ಎತ್ತಿದವರೇ ಅದೇ ದಿನ ಸರಿಪಡಿಸಿದ್ದಾರೆ. ಮುಟ್ಟಿದಾಗ ಕಲ್ಲು ತಣ್ಣಗಿತ್ತು."

"ಇನ್ನೊಂದು ಸಲ," ಎಂದ ಮೇಸ್ತ್ರಿ. ಮೇಡಂ ಇನ್ನೊಂದು ಸಲ ಓದಿದರು. ಅವನು ಸಹಿ ಹಾಕಿದ. ಅವನ ಸಹಿಯ ಕೆಳಗೆ ಹೆಂಡತಿ ಡಿಪೋದ ಪುಸ್ತಕದಲ್ಲಿ ಹಾಕುವ ಹಾಗೇ ನಿಧಾನವಾಗಿ ಸಹಿ ಹಾಕಿದಳು.

ಅತ್ತ ಲಾಂಡ್ರಿಯವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಅಣ್ಣಾ, ನನ್ನ ತಗಡು ಹೊತ್ಕೊಂಡು ಹೋದ್ರಲ್ಲ, ಹೊಗೆ ನನ್ನ ಮೂಗಲ್ಲಿ ಹೋಗಬೇಕಾ?"

"ಬಂದೆ ತಂಗೀ." ಗೋಡೆಗೆ ಒರಗಿದ್ದ ತಗಡನ್ನು ಮೇಸ್ತ್ರಿ ಹೊತ್ತುಕೊಂಡು ಹೋದ. ನಾಲ್ಕು ದಳವನ್ನೂ ತಟ್ಟಿ ಕೂರಿಸಿದ ಮೇಲೆ ಮೂರಿಂಚಿನ ಕೊಳವೆ ಸಂದಿಲ್ಲದೆ ಕೂತಿತು. ಡಾಂಬರು ಅರ್ಧ ಡಬ್ಬಿಯೂ ಹಿಡಿಯಲಿಲ್ಲ.

ಅವನು ಏಣಿ ಇಳಿಯುವಷ್ಟರಲ್ಲಿ ಬೀದಿಯ ನಾಲ್ಕು ಜನ ಸೇರಿದ್ದರು. ಮೇಸ್ತ್ರಿ ಮಂಡಿ ಉಜ್ಜಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಏನು ಸದ್ದು ಅಂತೀರಿ! ಶೆಡ್ಡೆಲ್ಲ ಕೆಂಪು ಬೆಳಕು, ಕಲ್ಲು ಅಂದ್ರೆ ಕಲ್ಲಲ್ಲ, ನಿಗಿನಿಗಿ..."

"ತಣ್ಣಗಿತ್ತು," ಎಂದಳು ಹೆಂಡತಿ ಎದುರು ಬಾಗಿಲಿನಿಂದ. "ಚೀಟೀಲಿ ಬರೆದಿದೆ."

ಮೇಸ್ತ್ರಿ ಅವಳ ಕಡೆ ನೋಡಿದ. "ತಣ್ಣಗಿತ್ತು," ಎಂದು ತಿದ್ದಿಕೊಂಡು, ಮುಂದಿನದನ್ನು ಹೇಳಿದ.