ಅಮ್ಮನ ಕೆನ್ನೆಯ ಗೆರೆ

ಹನ್ನೊಂದು ವರ್ಷ ಅಮ್ಮನ ಗೌನುಗಳಿಗೆ ಇಸ್ತ್ರಿ ಹಾಕಿದವಳು ನಾನು. ಅವಳ ಹೆಸರು ಸಿಕ್ಕಿದ್ದು ಮೊನ್ನೆ ಬಂದ ಬಸ್ ಡ್ರೈವರಿಗೆ. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ.

ಅಮ್ಮ ಎಂದರೆ ಹೆತ್ತವಳಲ್ಲ. ಕ್ಲೀವ್‌ಲ್ಯಾಂಡಿನ ಈ ಬಾರಿನಲ್ಲಿ ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ಹೆಣ್ಣುವೇಷ ಹಾಕಿ ಕುಣಿಯುವ ಗಂಡಸರು ನಾವು. ನೆಲಮಾಳಿಗೆಯ ಬಣ್ಣದ ಕೋಣೆಗೆ ಇಳಿದರೆ ಎಲ್ಲರೂ ‘ಅವಳೇ’. ಮೊದಲ ಸಲ ಬಣ್ಣ ಹಚ್ಚಿಕೊಟ್ಟವಳು ಅಮ್ಮ, ಹಚ್ಚಿಸಿಕೊಂಡವಳು ಮಗಳು. ನಾನು ಡೆಲ್ಫೀನ್, ಮಿಸ್ ಓರ್ಲೀನಳ ಹಿರಿಮಗಳು. ಅಮ್ಮನಿಗೆ ಮಂಡಿ ಕೈಕೊಟ್ಟಿದೆ. ಅವಳ ಕೊನೆಯ ಹಾಡಿನ ಜಾಗ ನನಗೇ ಎಂದು ನಂಬಿ ಕೂತಿದ್ದೆ. ಅಷ್ಟರಲ್ಲಿ ನಲವತ್ತೊಂದು ವರ್ಷದ ಆ ಬಸ್ ಡ್ರೈವರ್, ರೋಸ್ಕೋ, ಬಂದಳು. ಅವಳ ಮುಖ ನೋಡಿದ್ದೇ ತಡ, ಅಮ್ಮ ಕರಗಿ ಅವಳಿಗೆ ಓರ್ಲೀನ್ ಜೂನಿಯರ್ ಎಂದು ಹೆಸರಿಟ್ಟಳು. ಈ ಭಾನುವಾರ ಇಬ್ಬರೂ ಕುಣಿಯಿರಿ, ಜನ ಮೆಚ್ಚಿದವಳಿಗೆ ಆ ಜಾಗ ಎಂದಳು.

ಸಾಲದ್ದಕ್ಕೆ, ತನ್ನ ಕೈ ನಡುಗುತ್ತದೆಂದು ರೋಸ್ಕೋಗೆ ಬಣ್ಣ ಕಲಿಸುವ ಕೆಲಸವನ್ನೂ ನನಗೇ ಒಪ್ಪಿಸಿದಳು. ಗಾಯದ ಮೇಲೆ ಬರೆ.

ಕಲಿಸುವವಳು ಅರ್ಧ ಮುಖ ಬರೆಯುತ್ತಾಳೆ, ಉಳಿದರ್ಧ ಕಲಿಯುವವಳದು. ಕಂದು ಬಣ್ಣ ಬಿದ್ದ ಜಾಗ ಒಳಗೆ ಹೋದಂತೆ ಕಾಣುತ್ತದೆ, ತಿಳಿಬಣ್ಣ ಬಿದ್ದದ್ದು ಮುಂದೆ ಬರುತ್ತದೆ. ಗೆರೆ ಎಳೆದು, ಅಂಚು ಕಾಣದಂತೆ ಸ್ಪಂಜಿನಿಂದ ಮೇಲಕ್ಕೆ ತಟ್ಟಬೇಕು. ಕೆನ್ನೆಯ ಗೆರೆ ಕಿವಿಯ ನಡುವಿನಿಂದ ಹೊರಡಬೇಕೆಂದು ಅಮ್ಮ ನನಗೆ ಕಲಿಸಿದ್ದಳು. ನಾನು ರೋಸ್ಕೋಗೆ ಓಲೆ ತೂಗುವ ಜಾಗದಿಂದ ಎಳೆದೆ. ಗೆರೆ ಇಳಿದಷ್ಟೂ ಕೆನ್ನೆ ಜೋಲುತ್ತದೆ, ವಯಸ್ಸು ಏರುತ್ತದೆ. ಗೊತ್ತಿದ್ದೇ ಎಳೆದೆ.

ಪಾಪ, ಅವಳು ನಾಲಿಗೆ ಕಚ್ಚಿಕೊಂಡು ಇನ್ನೊಂದು ಕೆನ್ನೆಗೂ ಹಾಗೆಯೇ ಎಳೆದುಕೊಂಡಳು. ನನಗಿಂತ ಏಳು ವರ್ಷ ದೊಡ್ಡವಳು, ಆದರೂ ನನ್ನನ್ನು ಅಕ್ಕ ಎನ್ನುತ್ತಾಳೆ.

“ಈ ಮುಖ ಹೊತ್ತು ಬಸ್ ಹತ್ತಿದ್ರೆ ಅಜ್ಜಿ ಬಂದ್ಲು ಅಂತ ಸೀಟ್ ಬಿಡ್ತಾರಲ್ವಾ ಅಕ್ಕ?” ಎಂದು ನಕ್ಕಳು. ನಾನೂ ನಕ್ಕೆ.

ಆಗ ಅಮ್ಮ ಮೆಟ್ಟಿಲಿಳಿದು ಬಂದಳು. ರೋಸ್ಕೋಳನ್ನು ನೋಡಿದಳು, ನನ್ನನ್ನು ನೋಡಿದಳು. ಒದ್ದೆ ಸ್ಪಂಜಿನಿಂದ ಗೆರೆ ಒರೆಸಿ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊಸದನ್ನು ಎಳೆದಳು. ಕಿವಿಯ ನಡುವಿನಿಂದಲ್ಲ, ಮೇಲ್ತುದಿಯಿಂದ. ರೋಸ್ಕೋಳ ಕೆನ್ನೆ ಎದ್ದು ನಿಂತಿತು.

“ನಂಗೆ ನಡುವಿನಿಂದ ಅಂತ ಹೇಳಿದ್ಯಲ್ಲಮ್ಮ?”

ಅಮ್ಮ ಸ್ಪಂಜು ಹಿಂಡುತ್ತಾ ನಿಂತಳು. “ನೀನು ಬಂದ ದಿನ ನಿನ್ನ ಮುಖ ನೋಡಿ ನನ್ನ ಹೊಟ್ಟೆ ಉರಿದುಹೋಯ್ತು ಕಣೇ. ಒಂದು ವಾರ ಬಿಟ್ಟು ಸರಿಯಾಗಿ ಹೇಳ್ಕೊಡೋಣ ಅಂದ್ಕೊಂಡೆ. ಆಮೇಲೆ ಬಾಯೇ ಬರ್ಲಿಲ್ಲ.”

ಅಮ್ಮ ಮನೆಯಲ್ಲೇ ಬಣ್ಣ ಮುಗಿಸಿ, ಕಿವಿ ಮುಚ್ಚುವ ಗುಂಗುರು ವಿಗ್ ತೊಟ್ಟೇ ಬರುತ್ತಿದ್ದಳು. ಅವಳ ಗೆರೆ ಎಲ್ಲಿಂದ ಹೊರಡುತ್ತದೆಂದು ನಾನು ಕಂಡವಳೇ ಅಲ್ಲ. ನನ್ನ ಕೆನ್ನೆ ಜೋಲುವುದು ಅಪ್ಪನ ಕಡೆಯ ಬಳುವಳಿ ಎಂದು ಸತ್ತ ಅಪ್ಪನನ್ನು ಬೈದುಕೊಂಡಿದ್ದೆ.

“ಅಕ್ಕ, ನಿಮ್ದೂ ಒರೆಸ್ಲಾ?” ಎಂದು ರೋಸ್ಕೋ ಸ್ಪಂಜಿಗೆ ಕೈ ಹಾಕಿದಳು. ನಾನು ಕಿತ್ತುಕೊಂಡೆ. ನಾನೇ ಒರೆಸಿ, ನಾನೇ ಮೇಲ್ತುದಿಯಿಂದ ಎಳೆದು, ತಟ್ಟಿ, ಕನ್ನಡಿಯಿಂದ ತಿರುಗಿದೆ. ರೋಸ್ಕೋ ಬಾಯಿಬಿಟ್ಟು ನೋಡುತ್ತಿದ್ದಳು.

ಅಮ್ಮನೂ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೊನೆಯ ಹಾಡಿಗೆ ಈ ಸಲವೂ ತಾನೇ ಕುಣಿಯುವುದಾಗಿ ಹೇಳಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದಳು.