ಎಂಬತ್ತೈದು ಕಿಲೋ ಹೆಚ್ಚು

ಬೇಕರಿಯವನು ದೋಣಿಗೆ ಹೇಳಿದ ಬೆಲೆ ತೊಂಬತ್ತು ಸಾವಿರ. ಸೋದರಮಾವ ಕೇಳಿದ್ದು ನಲವತ್ತು. ಇವೆರಡರ ನಡುವೆ ಇಬ್ಬರೂ ಅರ್ಧ ಗಂಟೆಯಿಂದ ಜಗ್ಗಾಡುತ್ತಿದ್ದರೆ, ದೋಣಿ ಕೊಳ್ಳಬೇಕಾದ ಸೋದರಸೊಸೆ ಮಾತ್ರ ಅದರ ಕೆಳಗೆ ಅಂಗಾತ ಮಲಗಿ, ಒಂದು ನಾಣ್ಯ ಹಿಡಿದು ಅದರ ಹೊಟ್ಟೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದಳು.

ದೋಣಿ ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಎರಡು ಮರದ ಅಡ್ಡೆಗಳ ಮೇಲೆ ಕೂತಿತ್ತು. ಪಕ್ಕದ ಗೋಡೆಯಿಂದ ಒಲೆಯ ಬಿಸಿ ಬರುತ್ತಿತ್ತು. ಶೆಡ್ಡಿನ ಗಾಳಿಯಲ್ಲೂ ಹಿಟ್ಟು, ದೋಣಿಯ ಅಂಚಿನ ಮೇಲೂ ಹಿಟ್ಟು.

"ನಿಮ್ಮ ಸೊಸೆ ಡಾಕ್ಟರೇನ್ರೀ?" ಬೇಕರಿಯವನು ಬಗ್ಗಿ ನೋಡಿದ.

"ನೀರಿನ ಡಾಕ್ಟರು" ಎಂದ ಮಾವ. "ಬಾಟಲಿಯಲ್ಲಿ ನೀರು ತುಂಬ್ಕೊಂಡು ಹೋಗಿ ಅದರ ಜಾತಕ ಬರೀತಾಳೆ. ಮನೇಲಿ ಇವಳನ್ನ ಅಳತೆಗೋಲು ಅಂತಲೇ ಕರೆಯೋದು. ಕಾಫಿಗೆ ಸಕ್ಕರೆ ಹಾಕೋವಾಗಲೂ ಚಮಚ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡ್ತಾಳೆ."

ಅವಳು ಸದ್ದು ಕೇಳುತ್ತಿದ್ದಳು. ಇದು ಎರಡು ಪದರದ ಫೈಬರ್ ದೋಣಿ. ಪದರಗಳ ನಡುವೆ ಫೋಮ್. ಎಲ್ಲೋ ಒಂದು ಕೂದಲೆಳೆಯ ಬಿರುಕು ಸಾಕು, ಫೋಮ್ ವರ್ಷಗಟ್ಟಲೆ ಸದ್ದಿಲ್ಲದೆ ನೀರು ಹೀರುತ್ತದೆ. ಮೇಲಿಂದ ನೋಡಿದರೆ ಮದುಮಗಳ ಹಾಗೆ ಹೊಳೆಯುತ್ತಿರುತ್ತದೆ, ಒಳಗೆಲ್ಲ ಕೊಳೆತ. ಅಂಥ ದೋಣಿಯನ್ನು ಬಿಚ್ಚಿ, ಒಣಗಿಸಿ, ಮತ್ತೆ ಮುಚ್ಚುವುದಕ್ಕೆ ಎರಡು ತಿಂಗಳು ಬೇಕು.

ಅವಳ ಬಳಿ ಇದ್ದದ್ದು ನಾಲ್ಕು ದಿನ. ಪ್ರಯೋಗಾಲಯದಲ್ಲಿ ಆರು ವರ್ಷ ದಿನಗೂಲಿಯ ಮೇಲೆ ದುಡಿದ ಮೇಲೆ ಈಗ ಅವಳ ಹೆಸರಿಗೇ ಒಂದು ಗುತ್ತಿಗೆ ಬಂದಿತ್ತು: ವಾರಕ್ಕೊಮ್ಮೆ ಸರೋವರದ ಹನ್ನೆರಡು ಕಡೆಯಿಂದ ನೀರಿನ ಮಾದರಿ ತರಬೇಕು, ಮೂರು ವರ್ಷ. ಷರತ್ತು ಒಂದೇ. ಸ್ವಂತ ದೋಣಿ ಇರಬೇಕು, ಸೋಮವಾರ ಅದರ ಕಾಗದ ಗುತ್ತಿಗೆ ಕೊಟ್ಟ ಕಚೇರಿಗೆ ತೋರಿಸಬೇಕು. ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಅವಳ ನಂತರ ಇದ್ದವರಿಗೆ. ಕೈಯಲ್ಲಿದ್ದದ್ದು ಎಪ್ಪತ್ತೈದು ಸಾವಿರ. ಸುತ್ತಮುತ್ತ ಮಾರಾಟಕ್ಕಿದ್ದ ಮೂರು ದೋಣಿಗಳಲ್ಲಿ ಒಂದರ ಎಂಜಿನ್ ಸತ್ತಿತ್ತು, ಇನ್ನೊಂದರ ಮಾಲೀಕ ಲಕ್ಷದ ಕೆಳಗೆ ಮಾತೇ ಆಡಲಿಲ್ಲ. ಉಳಿದದ್ದು ಇದು.

ಇದನ್ನು ಅವಳು ಇಷ್ಟಪಟ್ಟೂ ಇದ್ದಳು. ಹಿಂದಿನ ದಿನ ನೀರಿಗಿಳಿಸಿ ನೋಡಿದಾಗ ಎಂಜಿನ್ ಎರಡನೇ ಎಳೆತಕ್ಕೇ ಎದ್ದಿತ್ತು. ಅವಳು ಅಂಚಿನ ಮೇಲೆ ಎದೆಯೂರಿ, ಮೊಣಕೈವರೆಗೆ ನೀರಿಗೆ ಕೈ ಇಳಿಸಿದರೂ ದೋಣಿ ಮಿಸುಕಾಡಿರಲಿಲ್ಲ.

"ಸದ್ದು ಎಲ್ಲ ಕಡೆ ಒಂದೇ ಥರ ಇದೆ" ಎನ್ನುತ್ತಾ ಹೊರಗೆ ತೆವಳಿ ಬಂದಳು. ತಲೆಯೆಲ್ಲ ಹಿಟ್ಟು. "ಆದರೂ ಒಂದು ಸಲ ತೂಗಬೇಕು."

"ಏನನ್ನ?"

"ದೋಣೀನ. ತಯಾರಿಸಿದವರ ತಗಡಿನ ಮೇಲೆ ನೂರ ಎಂಬತ್ತು ಕಿಲೋ ಅಂತ ಇದೆ. ನೀರು ಕುಡಿದಿದ್ದರೆ ಹೆಚ್ಚು ತೂಗುತ್ತೆ."

ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ. "ನಲವತ್ತು ವರ್ಷ ಹಿಟ್ಟು ತೂಗಿದೀನಿ, ಸಕ್ಕರೆ ತೂಗಿದೀನಿ. ದೋಣಿ ತೂಗೋರನ್ನ ಈಗಲೇ ನೋಡಿದ್ದು. ನಡೀರಿ, ಅದೂ ಆಗಲಿ."

ಹಿಂದಿನ ಬೀದಿಯ ಹಿಟ್ಟಿನ ಮಿಲ್ಲಿನಲ್ಲಿ ಲಾರಿ ತೂಗುವ ಕಟ್ಟೆ ಇತ್ತು. ಮೊದಲು ಖಾಲಿ ಟ್ರೇಲರ್ ತೂಗಿಸಿದರು: ನೂರ ಐವತ್ತು. ಆಮೇಲೆ ಎಂಜಿನ್ ಬಿಚ್ಚಿ, ಹುಟ್ಟು, ಹಗ್ಗ, ಲಂಗರು ಎಲ್ಲ ಕೆಳಗಿಟ್ಟು, ಹಿಟ್ಟು ನಾದುವ ನಾಲ್ವರನ್ನೂ ಕರೆದು, ಏಳು ಜನ ಉಸಿರು ಬಿಗಿಹಿಡಿದು ದೋಣಿಯನ್ನು ಟ್ರೇಲರಿಗೆ ಏರಿಸಿದರು. ಈ ಸಲ ಕಟ್ಟೆಯ ಕಿಟಕಿಯಲ್ಲಿ ಮೂಡಿದ ಅಂಕಿ ನಾನೂರ ಹದಿನೈದು.

ಅವಳು ಕಳೆದಳು. ಇನ್ನೊಮ್ಮೆ ಕಳೆದಳು.

"ಇನ್ನೂರ ಅರವತ್ತೈದು. ಇರಬೇಕಾದ್ದಕ್ಕಿಂತ ಎಂಬತ್ತೈದು ಕಿಲೋ ಹೆಚ್ಚು."

"ಅಂದ್ರೆ?" ಎಂದ ಬೇಕರಿಯವನು.

"ಅಂದ್ರೆ ಎಂಬತ್ತೈದು ಲೀಟರ್ ನೀರು. ಫೋಮಿನ ಒಳಗೆ."

ಮಾವನ ಮುಖ ಅರಳಿತು. ಬೇಕರಿಯವನ ಮುಖ ಬಿದ್ದುಹೋಯಿತು. ಅವನು ಸುತ್ತಲೂ ಒಂದು ಸಲ ಬಂದು, ದೋಣಿಯ ಮೂತಿಯ ಮೇಲೆ ಕೈಯಿಟ್ಟು ನಿಂತ. ಸೇತುವೆ ಬರುವವರೆಗೆ ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಆಚೆ ದಡದ ಮನೆಗಳಿಗೆ ಬ್ರೆಡ್ ಹೊತ್ತದ್ದು ಇದೇ ದೋಣಿ.

"ನನಗೆ ಗೊತ್ತಿರಲಿಲ್ಲ ತಾಯಿ" ಎಂದ. "ಗೊತ್ತಿದ್ದು ಮಾರೋಕೆ ಹೊರಟೆ ಅಂದ್ಕೋಬೇಡಿ."

"ಅಯ್ಯೋ, ಯಾರು ಹಾಗಂದ್ರು? ವಯಸ್ಸಾದ ಮೇಲೆ ನಮಗೇ ಮೈಯಲ್ಲಿ ನೀರು ತುಂಬುತ್ತೆ, ದೋಣಿಗೆ ತುಂಬಲ್ವೆ?" ಮಾವನ ದನಿ ಬೆಣ್ಣೆಯಾಗಿತ್ತು. "ಈಗ ನೀವೇ ಒಂದು ಬೆಲೆ ಹೇಳಿಬಿಡಿ."

"ಐವತ್ತು. ಬೇಡ ಅಂದ್ರೆ ಗುಜರಿಗೆ ಹಾಕ್ತೀನಿ. ಇನ್ನೊಬ್ಬರ ತಲೆಗಂತೂ ಕಟ್ಟಲ್ಲ."

ಮಾವ ಗಬಕ್ಕನೆ ಅವನ ಕೈ ಹಿಡಿದು ಕುಲುಕಿದ. "ಆಯ್ತು! ಐವತ್ತಕ್ಕೆ ಮಾತಾಯ್ತು!" ಆಮೇಲೆ ಸೊಸೆಯ ಕಿವಿಯಲ್ಲಿ, "ನಿನ್ನ ತಕ್ಕಡಿಗೆ ದಿನಾ ದೀಪ ಹಚ್ಚಬೇಕು ಕಣೇ. ಒಂದೇ ಏಟಿಗೆ ನಲವತ್ತು ಸಾವಿರ ಇಳೀತು!"

"ಮಾವ, ನೀರು ಕುಡಿದ ದೋಣಿ ನನಗೆ ಪುಕ್ಕಟೆ ಕೊಟ್ಟರೂ ಬೇಡ. ಮೂರು ವರ್ಷ ಇದು ನನ್ನನ್ನ ಹೊರಬೇಕು."

"ಸೋಮವಾರ ತೋರಿಸೋಕೆ ಒಂದು ದೋಣಿ ಬೇಕು ತಾನೇ? ತೋರಿಸು! ಮುಳುಗೋದು ಆಮೇಲೆ!"

ಅವಳ ತಲೆಯೊಳಗೆ ಬೇರೇನೋ ಕೊರೆಯುತ್ತಿತ್ತು. ಎಂಬತ್ತೈದು ಲೀಟರ್ ಎಂದರೆ ಸಣ್ಣ ವಿಷಯವಲ್ಲ. ಅಷ್ಟು ನೀರಿದ್ದರೆ ನಾಣ್ಯ ಬಡಿದಾಗ ಎಲ್ಲಾದರೂ ಒಂದು ಕಡೆ ಸದ್ದು ಮಂಕಾಗಲೇಬೇಕು. ನೆನೆದ ಗೋಡೆಗೂ ಒಣ ಗೋಡೆಗೂ ಇರುವಷ್ಟು ವ್ಯತ್ಯಾಸ ಅದು. ಇನ್ನೂರಕ್ಕಿಂತ ಹೆಚ್ಚು ಕಡೆ ಬಡಿದಿದ್ದಳು, ಒಂದು ಕಡೆಯೂ ಮಂಕಾಗಿರಲಿಲ್ಲ. ತೂಕ ನೀರಿದೆ ಅನ್ನುತ್ತಿದೆ, ಸದ್ದು ಇಲ್ಲ ಅನ್ನುತ್ತಿದೆ. ಎರಡನ್ನೂ ಒಟ್ಟಿಗೆ ನಂಬುವ ದಾರಿ ಇದೆಯೇ?

ಇತ್ತು. ಹೆಚ್ಚಿನ ಭಾರ ನೀರೇ ಆಗಿರಬೇಕೆಂದು ಯಾರು ಹೇಳಿದರು? ಅವಳೇ ಹೇಳಿದ್ದು.

"ಈ ಹಲಗೆ ಕೆಳಗೆ ಏನಿದೆ?" ದೋಣಿಯ ಒಳಗೆ ಹತ್ತಿ, ನಡುವಿನ ಮರದ ತಳವನ್ನು ಕಾಲಿನಿಂದ ತಟ್ಟಿದಳು. ಸ್ಕ್ರೂಗಳ ಮೇಲೆ ಮೂರು ನಾಲ್ಕು ಸಲ ಬಣ್ಣ ಬಳಿದಿದ್ದರು, ತಲೆ ಯಾವುದು ಗುಳ್ಳೆ ಯಾವುದು ತಿಳಿಯುವಂತಿರಲಿಲ್ಲ.

"ಏನಿರುತ್ತೆ? ಗಾಳಿ" ಎಂದ ಬೇಕರಿಯವನು. "ದೋಣಿ ಜೊತೇಲೇ ಬಂದ ಹಲಗೆ. ತಗೊಂಡ ವರ್ಷ ಸ್ಕ್ರೂ ಹೊಡೆಸಿದ್ದು. ಆಮೇಲೆ ತೆಗೆದಿಲ್ಲ."

"ತೆಗೀಲಾ?"

"ಏನು ಬೇಕಾದ್ರೂ ಮಾಡಮ್ಮ. ಇನ್ನೇನು ಉಳಿದಿದೆ?"

"ಲೇ, ಸುಮ್ನಿರೆ!" ಮಾವ ಹಲ್ಲು ಕಚ್ಚಿದ. "ಮಾತಾಗಿರೋ ವ್ಯಾಪಾರದಲ್ಲಿ ಯಾರಾದರೂ ಸ್ಕ್ರೂ ಬಿಚ್ತಾರಾ?"

ಹದಿನಾರು ಸ್ಕ್ರೂ. ಬಣ್ಣ ಕೆರೆದು, ಎಣ್ಣೆ ಬಿಟ್ಟು, ಒಂದೊಂದನ್ನೂ ತಿರುಗಿಸುವಾಗ ಅಂಗೈಯಲ್ಲಿ ಬೊಬ್ಬೆ ಬಂತು. ಕೊನೆಯ ಎರಡನ್ನು ಬೇಕರಿಯವನೇ ಕಿತ್ತ. ಹಲಗೆ ಎತ್ತಿದರೆ, ಕೆಳಗೆ ತಳ ಒಣಗಿತ್ತು. ನಟ್ಟನಡುವೆ ನಾಲ್ಕು ಗಂಟುಗಳು, ಹಳೆಯ ಹಿಟ್ಟಿನ ಚೀಲದಲ್ಲಿ ಬಿಗಿಯಾಗಿ ಸುತ್ತಿದ್ದವು. ಅವಳು ಒಂದರ ಚೀಲ ಸರಿಸಿದಳು. ಎರಕದ ಕಬ್ಬಿಣದ ತೂಕದ ಕಲ್ಲು, ಮೇಲೆ ಹಿಡಿ, ಹಿಡಿಯ ಪಕ್ಕದಲ್ಲಿ ಅಚ್ಚು: ೨೦.

ಬೇಕರಿಯವನು ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟ.

"ಥೂ ನನ್ನ ಬುದ್ಧಿಗಿಷ್ಟು! ನಾನೇ ಇಟ್ಟಿದ್ದು!" ಅಳುವೋ ನಗುವೋ ತಿಳಿಯದ ದನಿ. "ಮೊದಲನೇ ವಾರ ಬ್ರೆಡ್ಡಿನ ಟ್ರೇ ಎತ್ತರಕ್ಕೆ ಪೇರಿಸ್ಕೊಂಡು ಹೊರಟೆ. ಬ್ರೆಡ್ಡು ಹಗುರ ನೋಡಿ. ಗಾಳಿ ಬೀಸ್ತು, ದೋಣಿ ವಾಲ್ತು, ಇನ್ನೂರು ಬ್ರೆಡ್ಡು ನೀರಿಗೆ. ಬಾತುಕೋಳಿಗಳು ಮೂರು ದಿನ ನನ್ನ ಶೆಡ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಅಂಗಡಿಗೆ ಆಗಷ್ಟೇ ಕರೆಂಟಿನ ತಕ್ಕಡಿ ಬಂದಿತ್ತು, ಹಳೆ ಕಲ್ಲು ಮೂಲೇಲಿ ಬಿದ್ದಿತ್ತು. ತಂದು ಇಲ್ಲಿಟ್ಟು ಹಲಗೆಗೆ ಸ್ಕ್ರೂ ಹೊಡೆಸಿದೆ. ಮರೆತೇ ಹೋಯ್ತು!"

"ಎಂಬತ್ತು ಕಿಲೋ" ಎಂದಳು ಅವಳು. ಹಿಂದಿನ ದಿನ ಅಂಚಿನ ಮೇಲೆ ಎದೆಯೂರಿದರೂ ದೋಣಿ ಯಾಕೆ ವಾಲಲಿಲ್ಲ ಎನ್ನುವುದೂ ಆಗಲೇ ಹೊಳೆಯಿತು. ಅವಳು ಮೆಚ್ಚಿದ್ದು ಯಾವುದನ್ನೋ, ಹೆದರಿದ್ದೂ ಅದಕ್ಕೇ.

ಮಾವ ಗಂಟಲು ಸರಿಮಾಡಿಕೊಂಡ. "ಒಳ್ಳೇದಾಯ್ತು. ಐವತ್ತಕ್ಕೆ ಮಾತಾಗಿದೆ, ಕೈ ಕುಲುಕಿದೀವಿ. ಎಣಿಸಿ ಕೊಡ್ಲಾ?"

ಬೇಕರಿಯವನು ಕಬ್ಬಿಣವನ್ನೇ ನೋಡುತ್ತಿದ್ದ. "ಹೌದು. ನಾನೇ ಹೇಳಿದೆ. ತಗೊಂಡು ಹೋಗಿ."

"ನೀವು ಬೆಲೆ ಹೇಳಿದ್ದು ನನ್ನ ತಪ್ಪು ಲೆಕ್ಕಕ್ಕೆ" ಎಂದಳು ಅವಳು. "ನೀರು ಕುಡಿದ ದೋಣಿಗೆ ಐವತ್ತು. ಆ ದೋಣಿ ಇಲ್ಲಿಲ್ಲ. ಇದರ ಬೆಲೆ ಈಗ ಮಾತಾಡೋಣ."

"ಅಯ್ಯೋ ದೇವರೇ" ಎಂದು ಮಾವ ಟ್ರೇಲರಿನ ಚಕ್ರಕ್ಕೆ ಒರಗಿದ. "ಇವಳ ಅಮ್ಮನೂ ಹೀಗೇ. ತರಕಾರಿಯವನು ಚಿಲ್ಲರೆ ಜಾಸ್ತಿ ಕೊಟ್ಟರೆ ಅವನ ಹಿಂದೆ ಓಡ್ತಿದ್ದಳು."

"ಹಾಗಾದ್ರೆ ತೊಂಬತ್ತು?" ಬೇಕರಿಯವನ ಕಣ್ಣಲ್ಲಿ ಮತ್ತೆ ಜೀವ ಬಂದಿತ್ತು.

"ತೊಂಬತ್ತು ಆಗಲೂ ಹೆಚ್ಚು, ಈಗಲೂ ಹೆಚ್ಚು. ಎಂಜಿನ್ನಿಗೂ ಹನ್ನೆರಡು ವರ್ಷ. ಇಂಧನದ ಪೈಪು ಗಡಸಾಗಿದೆ, ಬದಲಾಯಿಸಬೇಕು. ಹಿಂಭಾಗದ ಅಂಚಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿದೆ. ಎಪ್ಪತ್ತು."

"ಕಲ್ಲು ಬಿಟ್ಟೋ ಸೇರಿಸಿಯೋ?"

"ಸೇರಿಸಿ. ಕಲ್ಲಿಲ್ಲದಿದ್ದರೆ ನಾನೇ ನೀರಿಗೆ ಬೀಳ್ತೀನಿ."

"ಹಾಗಿದ್ರೆ ಎಂಬತ್ತು. ಈಗಿನ ಕಾಲದಲ್ಲಿ ಅಂಥ ಕಬ್ಬಿಣ ಎಲ್ಲಿ ಸಿಗುತ್ತೆ?"

"ಗುಜರಿಯಲ್ಲಿ!" ಮಾವನಿಗೆ ತಡೆಯಲಾಗಲಿಲ್ಲ, ಎದ್ದು ಬಂದೇಬಿಟ್ಟ. "ಕಿಲೋ ಲೆಕ್ಕದಲ್ಲಿ! ಅದೂ ತುಕ್ಕು ಕಳೆದು! ಎಪ್ಪತ್ತೊಂದು."

ಈ ಸಲ ಅವಳು ಮಾವನನ್ನು ತಡೆಯಲಿಲ್ಲ. ಎಪ್ಪತ್ತೆಂಟಾಯಿತು, ಎಪ್ಪತ್ತೆರಡಾಯಿತು. ಎಪ್ಪತ್ತಾರಕ್ಕೆ ಬೇಕರಿಯವನು ಕಾಲೂರಿ ನಿಂತುಬಿಟ್ಟ. ಅವಳ ಚೀಲದಲ್ಲಿ ಅಷ್ಟು ಇರಲೇ ಇಲ್ಲ.

"ಇನ್ನೂ ಐದು ಕಿಲೋ ಬಾಕಿ ಇದೆಯಲ್ಲ" ಎಂದಳು. "ಎಂಬತ್ತೈದರಲ್ಲಿ ಸಿಕ್ಕಿದ್ದು ಎಂಬತ್ತು."

"ಅದೇನು?"

"ಗೊತ್ತಿಲ್ಲ. ಈ ಕಟ್ಟೆ ಐದೈದು ಕಿಲೋ ಲೆಕ್ಕದಲ್ಲೇ ತೋರಿಸೋದು, ಎರಡು ಸಲ ತೂಗಿದೀವಿ, ಅದರದೇ ತಪ್ಪಿರಬಹುದು. ಬಣ್ಣ ಇರಬಹುದು. ನಿಜವಾಗಿ ಸ್ವಲ್ಪ ನೀರೂ ಇರಬಹುದು. ಆ ಅನುಮಾನ ನಾನು ಕೊಳ್ತಿದೀನಿ, ಅದಕ್ಕೆ ಎರಡು ಸಾವಿರ ಬಿಡಿ. ಎಪ್ಪತ್ನಾಲ್ಕು."

"ಅನುಮಾನಕ್ಕೆ ಬೆಲೆ ಕಟ್ಟೋರನ್ನೂ ಈಗಲೇ ನೋಡಿದ್ದು" ಎಂದು ಬೇಕರಿಯವನು ಕೈ ಚಾಚಿದ. ಈ ಸಲ ಕುಲುಕಿದವಳು ಅವಳು.

ಹಲಗೆ ಮತ್ತೆ ಮುಚ್ಚುವಾಗ ಬೇಕರಿಯವನು ಸ್ಕ್ರೂಗಳನ್ನು ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದ. "ಅಲ್ಲಮ್ಮಾ, ಆ ಐದು ಕಿಲೋ ಏನು ಅಂತ ಹೇಗೆ ಗೊತ್ತಾಗುತ್ತೆ?"

"ಮುಂದಿನ ವರ್ಷ ಮತ್ತೆ ತೂಗ್ತೀನಿ. ಹೆಚ್ಚಿದ್ದರೆ ನೀರು. ಅಷ್ಟೇ ಇದ್ದರೆ ಕಟ್ಟೆಯ ತಪ್ಪೋ ಬಣ್ಣವೋ, ಅದನ್ನ ಇನ್ನೂ ಹುಡುಕಬೇಕು."

"ತೂಗೋವಾಗ ನನ್ನನ್ನೂ ಕರೀಬೇಕು."

"ಕರೀತಾಳೆ ಬಿಡಿ" ಎಂದ ಮಾವ, ಕೆಳಗಿಟ್ಟಿದ್ದ ಹಗ್ಗವನ್ನು ಯಾರೂ ಕೇಳುವ ಮುಂಚೆಯೇ ದೋಣಿಯೊಳಗೆ ಹಾಕುತ್ತಾ. "ಕಡಿಮೆ ಬಂದ್ರೆ ಮಾತ್ರ, ಸ್ವಾಮಿ, ತೂಕದಲ್ಲಿ ಮೋಸ ಅಂತ ಕಿಲೋಗೆ ಇಷ್ಟು ನೀವು ವಾಪಸ್ ಕೊಡಬೇಕಾಗುತ್ತೆ."