ಗುರುತಿಲ್ಲದ ಬಟ್ಟೆ

ನಾನೊಂದು ಕಾರು ಒರೆಸುವ ಬಟ್ಟೆ. ಇಷ್ಟು ಹೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಹರಿದ ಬನಿಯನ್ನೋ ಹಳೆ ಲುಂಗಿಯ ತುಂಡೋ ಬಂದಿರುತ್ತದೆ. ದಯವಿಟ್ಟು ಅದನ್ನು ಪಕ್ಕಕ್ಕಿಡಿ. ನಾನು ಯಾರದೋ ಮೈಮೇಲೆ ಸವೆದು ಆಮೇಲೆ ಕಾರಿಗೆ ಬಂದವನಲ್ಲ, ಕಾರಿಗೆಂದೇ ಹುಟ್ಟಿದವನು. ನನ್ನಂಥವರನ್ನು ಮೈಕ್ರೋಫೈಬರ್ ಟವೆಲ್ ಎನ್ನುತ್ತಾರೆ. ಹೆಸರು ಭಾರ, ಮೈ ಮಾತ್ರ ಹಗುರ.

ಹುಟ್ಟಿದ ಊರು ಯಾವುದೆಂದು ನನಗೆ ತಿಳಿಯದು. ಗಿರಣಿಯ ಸದ್ದು ನೆನಪಿದೆ, ಅಷ್ಟೆ. ಅಲ್ಲಿ ಎಳೆಯನ್ನು ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ, ಕಣ್ಣಿಗೆ ಕಾಣದಷ್ಟು ಸಣ್ಣ ಮಾಡಿ ನೇಯ್ದರು. ಆ ಸಂದುಗೊಂದುಗಳಲ್ಲಿ ನೀರು ಹೀರಿಕೊಂಡು ಕೂರುವುದೇ ನನ್ನ ಕೆಲಸ. ನೀಲಿ ಬಣ್ಣ ಕೊಟ್ಟರು. ಕೊನೆಗೆ ಅಂಚಿಗೊಂದು ಪುಟ್ಟ ಚೀಟಿ ಹೊಲಿದರು. ಅದರಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರ, ಅದರ ಮೇಲೊಂದು ಕಾಟು. ನನ್ನನ್ನು ಹೇಗೆ ನೋಡಿಕೊಳ್ಳಬೇಕೆಂದು ಜಗತ್ತಿಗೆ ಹೇಳುವ ಬಾಯಿ ನನಗಿದ್ದದ್ದು ಆ ಚೀಟಿಯೊಂದೇ.

ಚಿತ್ರದುರ್ಗದ ಅಂಗಡಿಯೊಂದರಿಂದ ನಮ್ಮ ಇಡೀ ಕಟ್ಟನ್ನು ಕೊಂಡು ತಂದವಳು ಅನಸೂಯಕ್ಕ. ಹಿರಿಯೂರಿನ ಹೈವೇ ಪಕ್ಕದಲ್ಲಿ ಅವಳೂ ಅವಳ ಗಂಡ ತಿಪ್ಪೇಶಣ್ಣನೂ ಒಂದು ವಾಟರ್ ಸರ್ವಿಸ್ ಇಟ್ಟಿದ್ದರು. ಮುಂದೆ ಕಾರು ತೊಳೆಯುವ ಕಟ್ಟೆ, ಹಿಂದೆ ಮನೆ, ನಡುವೆ ಬಟ್ಟೆ ಒಣಗಿಸುವ ತಂತಿ. ಕಟ್ಟು ಬಿಚ್ಚಿದ ತಿಪ್ಪೇಶಣ್ಣ ಮೊದಲು ಮಾಡಿದ ಕೆಲಸವೆಂದರೆ ಕತ್ತರಿ ತಗೊಂಡು ನಮ್ಮೆಲ್ಲರ ಚೀಟಿ ಕತ್ತರಿಸಿ ಹಾಕಿದ್ದು. ಚೀಟಿಯ ಗಟ್ಟಿ ಅಂಚು ಪೇಂಟಿಗೆ ಗೀರು ಹಾಕುತ್ತದಂತೆ. ಅವನು ಹೇಳಿದ್ದು ನಿಜವೇ. ಆದರೂ ನನ್ನ ಬಾಯಿ ಹೋಯಿತಲ್ಲ ಎಂದು ಅವತ್ತು ನನಗೆ ಸಿಟ್ಟು ಬಂದಿತ್ತು.

ಸಿಟ್ಟು ಬಹಳ ದಿನ ಉಳಿಯಲಿಲ್ಲ, ಅನಸೂಯಕ್ಕನ ಕೈ ಅಂಥದ್ದು. ಸಂಜೆ ಕೆಲಸ ಮುಗಿದ ಮೇಲೆ ನಮ್ಮನ್ನು ಒಂದೊಂದಾಗಿ ಕೊಡವಿ, ಮನೆಯ ಬಟ್ಟೆಗಳ ಹತ್ತಿರವೂ ಸುಳಿಯಗೊಡದೆ ಬೇರೆ ಟಬ್ಬಿನಲ್ಲಿ ನೆನೆಸುತ್ತಿದ್ದಳು. ಹತ್ತಿ ಬಟ್ಟೆಯ ಜೊತೆ ಒಗೆದರೆ ಅದರ ಎಳೆಗಳೆಲ್ಲ ನಮ್ಮ ಮೈಗೆ ಅಂಟಿಕೊಳ್ಳುತ್ತವೆ, ಆಮೇಲೆ ಅದು ಕಾರಿನ ಗಾಜಿಗೆ ಹತ್ತುತ್ತದೆ. ಸೋಪು ಸ್ವಲ್ಪವೇ, ಬಟ್ಟೆ ಮೆದುವಾಗಲೆಂದು ಹಾಕುವ ಘಮಘಮಿಸುವ ನೀರು ಬೇಡವೇ ಬೇಡ, ನೆರಳಿನಲ್ಲಿ ಒಣಗಿಸುವುದು. ನಮ್ಮ ಬುಟ್ಟಿಯಲ್ಲೇ ಕೈಗವಸಿನವಳೂ ಇದ್ದಳು. ಅವಳೇ ನನ್ನ ಗೆಳತಿ. ಮೈತುಂಬ ಶಾವಿಗೆಯಂತೆ ಇಳಿಬಿದ್ದ ಎಳೆಗಳು. ಅವಳ ಹೊಟ್ಟೆಯೊಳಗೆ ಕೈ ತೂರಿಸಿಕೊಂಡು ಸೋಪಿನ ನೀರಲ್ಲಿ ಕಾರು ಉಜ್ಜುತ್ತಿದ್ದರು. ಅವಳು ಕೊಳೆ ಬಿಡಿಸಬೇಕು, ನಾನು ನೀರು ಒರೆಸಬೇಕು. ಒಳ್ಳೆ ಕಾಲ ಅದು.

ಸರ್ವಿಸ್ಸಿಗೆ ಕಾರುಗಳು ಹೆಚ್ಚಾದವು. ಬಟ್ಟೆ ಒಗೆಯಲು ಅನಸೂಯಕ್ಕನಿಗೆ ಪುರುಸೊತ್ತು ಸಿಗದಂತಾಯಿತು, ನಾವು ಬುಟ್ಟಿಯಲ್ಲಿ ಒದ್ದೆಯಾಗಿಯೇ ಮುಗ್ಗುತ್ತಿದ್ದೆವು. ಅಂಥ ಹೊತ್ತಿನಲ್ಲಿ ಅವಳ ಅಪ್ಪ ಮಾಚಜ್ಜ ಬಂದ.

ಮಾಚಜ್ಜ ಧರ್ಮಪುರದ ಅಗಸ. ಒಂದು ಕಾಲಕ್ಕೆ ಊರಿನ ಅರ್ಧ ಮನೆಗಳ ಬಟ್ಟೆ ಅವನ ಕೈಯಲ್ಲೇ ಬೆಳ್ಳಗಾಗುತ್ತಿತ್ತು. ಈಗ ಮನೆಮನೆಗೂ ಮಶೀನು ಬಂದಿದೆ, ಇಸ್ತ್ರಿ ಅಂಗಡಿಯನ್ನೂ ಮುಚ್ಚಿಯಾಗಿತ್ತು. ಇಲ್ಲೇ ಇದ್ದುಬಿಡಪ್ಪ ಎಂದು ಮಗಳು ಅಂಗಲಾಚಿದ ಮೇಲೆ ಒಂದು ಕೈಚೀಲ, ಒಂದು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಹಿಡಿದು ಬಂದಿದ್ದ. ಬಂದವನು ಚೀಲ ಬಿಚ್ಚಲಿಲ್ಲ, ಗೂಟಕ್ಕೆ ನೇತುಹಾಕಿದ.

ಮಗಳ ಮನೆಯಲ್ಲಿ ಕೂತು ಉಣ್ಣುವುದು ಅವನಿಗೆ ಆಗದ ಮಾತು. ಏನಾದರೊಂದು ಕೆಲಸ ಮಾಡದೆ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. ಅಂಗಳ ಗುಡಿಸುವನು, ಗಿಡಕ್ಕೆ ನೀರು ಹಾಕುವನು. ಬಾಯಿ ತೆರೆದರೆ ನಿಮ್ಮನೆ, ನಿಮ್ಮನೆ.

“ನಿಮ್ಮನೆ ನಲ್ಲಿ ಸೋರ್ತೈತೆ ನೋಡವ್ವಾ.”

“ನಿಮ್ಮನೆ ಅಂತೀಯಲ್ಲಪ್ಪಾ, ನೀನೇನು ಛತ್ರದಾಗೆ ಇಳ್ಕಂಡೀಯಾ?” ಎಂದು ಅನಸೂಯಕ್ಕ ರೇಗುವಳು. ಅಜ್ಜ ನಗುವನು. ಮರುದಿನ ಮತ್ತೆ ಅದೇ.

ಒಂದು ದಿನ ಅವನ ಕಣ್ಣು ನಮ್ಮ ಬುಟ್ಟಿಯ ಮೇಲೆ ಬಿತ್ತು. ಕೈಗವಸಿನವಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಇದೇನವ್ವಾ, ಕರಡಿ ಕೈ ಕಡ್ಕಂಡು ಬಂದೀರಾ?”

ನನ್ನ ಗೆಳತಿಗೆ ಅವಮಾನವಾಯಿತು. ನನಗೆ ನಗು ತಡೆಯಲಾಗಲಿಲ್ಲ. ಅಜ್ಜ ಅವತ್ತಿನಿಂದ ನಮ್ಮ ಬುಟ್ಟಿಯನ್ನು ತನ್ನದು ಮಾಡಿಕೊಂಡ. ಮಗಳು ಒಗೆದಂತೆಯೇ ಒಗೆಯುವನು. ಆದರೆ ಬಟ್ಟೆ ಮಡಿಸುವಾಗ ಮುಖ ಸಪ್ಪಗಾಗುವುದು. ಗಂಜಿ, ಇಸ್ತ್ರಿ ಇಲ್ಲದೆ ಇಷ್ಟಕ್ಕೇ ಬಿಟ್ಟರೆ ಒಗೆತ ಅರ್ಧವಾದಂತೆ ಎಂಬುದು ಅವನ ಲೆಕ್ಕ.

ತಿಪ್ಪೇಶಣ್ಣನ ಮನೆಯವರು ಒಂದು ತಲೆಮಾರಿನ ಹಿಂದೆಯೇ ಒಗೆಯುವ ಕಸುಬು ಬಿಟ್ಟವರು. ಅವನಿಗೆ ಅಜ್ಜನ ಹಳೆಯ ಕಥೆಗಳೆಂದರೆ ಆಸೆ.

“ಅಷ್ಟು ಮನೆ ಬಟ್ಟೆ ಒಟ್ಟಿಗೆ ಒಗೆದ್ರೆ ಯಾರದು ಯಾವುದು ಅಂತ ಹೆಂಗೆ ಗೊತ್ತಾಗ್ತಿತ್ತು ಮಾವ?”

“ಕರಿಗೇರು ಬೀಜದ ಎಣ್ಣೇಲಿ ಗುರುತು ಹಾಕ್ತಿದ್ವಿ, ಎಷ್ಟು ಒಗೆದ್ರೂ ಹೋಗಲ್ಲ. ಪಟೇಲರ ಮನೇದು ಕೊಕ್ಕೆ, ಮೇಷ್ಟ್ರ ಮನೇದು ಎರಡು ಚುಕ್ಕಿ. ರೇಷ್ಮೆ ಸೀರೆ ಆದ್ರೆ ಎಣ್ಣೆ ಮುಟ್ಟಿಸಂಗಿಲ್ಲ, ಅಂಚಿಗೆ ದಾರದ ಹೊಲಿಗೆ.”

“ನಿಮ್ಮನೆ ಬಟ್ಟೆಗೆ ಯಾವ ಗುರುತು?”

ಅಜ್ಜ ಹುಬ್ಬೇರಿಸಿದ. “ನಮ್ಮ ಬಟ್ಟೆಗ್ಯಾಕೆ ಗುರುತು? ಎಲ್ಲಾರದ್ದೂ ವಿಂಗಡಿಸಿ ಕೊಟ್ಟ ಮ್ಯಾಲೆ ಉಳಿದದ್ದು ನಮ್ದು. ಗುರುತಿಲ್ಲದ್ದು ನಮ್ಮನೇದು.”

ಧರ್ಮಪುರದ ಆ ಮನೆಗೆ ಬೀಗ ಬಿದ್ದಿತ್ತು.

ಆಮೇಲೆ ಬಂತು ಆ ಭಾನುವಾರ. ಗಂಡ ಹೆಂಡತಿ ಇಬ್ಬರೂ ಚಳ್ಳಕೆರೆಗೆ ಮದುವೆಗೆ ಹೋದರು. ಸರ್ವಿಸ್ಸಿಗೆ ರಜೆ. ಮನೆಯಲ್ಲಿ ಅಜ್ಜ, ಬುಟ್ಟಿಯಲ್ಲಿ ನಾವು. ಮಗಳು ಬರುವಷ್ಟರಲ್ಲಿ ತನ್ನ ಕೈಗುಣ ತೋರಿಸಬೇಕೆಂದು ಅಜ್ಜನಿಗೆ ಹುರುಪು ಬಂದುಬಿಟ್ಟಿತು. ಅನ್ನ ಬಸಿದ ಗಂಜಿಯನ್ನು ತಿಳಿ ಮಾಡಿ, ಸೋಸಿ, ನಮ್ಮನ್ನೆಲ್ಲ ಅದರಲ್ಲಿ ಅದ್ದಿ ತೆಗೆದ. ಉರಿಬಿಸಿಲಲ್ಲಿ ಹರವಿದ. ಪೆಟ್ಟಿಗೆಗೆ ಇದ್ದಿಲು ತುಂಬಿ ಊದಿ ಕೆಂಡ ಮಾಡಿದ. ಇಸ್ತ್ರಿ ಹಾಕಬಾರದೆಂದು ಹೇಳಲು ನನ್ನ ಅಂಚಿನಲ್ಲಿ ಚೀಟಿ ಇರಲಿಲ್ಲ.

ಮೊದಲು ಸಿಕ್ಕಿದವನು ನಾನೇ. ಪೆಟ್ಟಿಗೆ ನನ್ನ ಮೂಲೆಗೆ ತಾಗಿದ್ದೇ ತಡ, ಚುರ್ ಎಂದಿತು. ಎಳೆಗಳು ಕರಗಿ ಮುದ್ದೆಯಾದವು. ಅಜ್ಜ ಗಾಬರಿಯಿಂದ ಪೆಟ್ಟಿಗೆ ಎತ್ತಿದ. ಕೆಂಡ ಜಾಸ್ತಿಯಾಯಿತೆಂದುಕೊಂಡು ಉಳಿದವರಿಗೆ ಇಸ್ತ್ರಿ ಮುಟ್ಟಿಸಲಿಲ್ಲ, ಅಂಗೈಯಲ್ಲೇ ತೀಡಿ ತೀಡಿ ಮಡಿಸಿದ. ನನ್ನ ಸುಟ್ಟ ಮೂಲೆಯನ್ನು ಒಳಮಡಿಕೆಗೆ ಸೇರಿಸಿ ಎಲ್ಲರ ಕೆಳಗಿಟ್ಟ. ಹೇಳಿಬಿಡೋಣ, ನೋವಿದ್ದರೂ ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಾವೆಲ್ಲ ಚುನಾವಣೆಗೆ ನಿಂತವರ ಅಂಗಿಗಳಂತೆ ಗರಿಗರಿಯಾಗಿದ್ದೆವು. ಕೈಗವಸಿನವಳ ಶಾವಿಗೆಗಳು ಕಡ್ಡಿಯಾಗಿ ನಿಂತಿದ್ದವು.

ಮರುದಿನ ಬೆಳಗ್ಗೆ ಷಣ್ಮುಖಪ್ಪನವರ ಹೊಸ ಕರಿ ಕಾರು ಬಂತು. ಶಾಮಿಯಾನದ ಅಂಗಡಿಯವರು, ಮಗನ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ಅವಸರದಲ್ಲಿದ್ದ ತಿಪ್ಪೇಶಣ್ಣ ಮೇಲಿನ ಬಟ್ಟೆ ಎಳೆದುಕೊಂಡು ಬಾನೆಟ್ ಒರೆಸಿದ. ಗಂಜಿ ಕುಡಿದು ಗಡುಸಾಗಿದ್ದ ಬಟ್ಟೆ ನೀರು ಹೀರಲಿಲ್ಲ, ಆಚೆಗೀಚೆಗೆ ಜಾರಿತು. ಒತ್ತಿ ಒರೆಸಿದ. ಕಾರು ಬಿಸಿಲಿಗೆ ಬಂದಾಗ ಬಾನೆಟ್ ತುಂಬ ಸಣ್ಣ ಸಣ್ಣ ಗೀರು.

“ಏನ್ರೀ ತಿಪ್ಪೇಶ್ ಇದು? ಬೆಕ್ಕು ಪರಚಿದಂಗೈತೆ! ಬೀಗರ ಮುಂದೆ ಹೆಂಗೆ ನಿಲ್ಲಿಸ್ಲಿ ಈ ಗಾಡಿನ?”

ಕಾರಣ ಹುಡುಕುತ್ತ ತಿಪ್ಪೇಶಣ್ಣ ಇಡೀ ರಾಶಿಯನ್ನು ಕೊಡವಿದ. ನಾನು ಅಜ್ಜನ ಕಾಲ ಬಳಿಯೇ ಬಿದ್ದೆ, ಸುಟ್ಟ ಮೂಲೆ ಮೇಲಾಗಿ. ಅಜ್ಜನನ್ನು ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ತಿಪ್ಪೇಶಣ್ಣ ಪಾಲಿಶ್ ಹಚ್ಚಿ ಬೆವರು ಸುರಿಸಿ ಉಜ್ಜತೊಡಗಿದ. ಗೀರು ಮೇಲುಮೇಲಿನವು, ಮಧ್ಯಾಹ್ನದ ಹೊತ್ತಿಗೆ ಹೋದವು. ಷಣ್ಮುಖಪ್ಪನವರು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು, ಗೊಣಗುತ್ತಲೇ ಮೀಸೆ ತೀಡಿ ಹೊರಟರು.

ಅಷ್ಟರಲ್ಲಿ ಅಜ್ಜ ಗೂಟದಿಂದ ಚೀಲ ಇಳಿಸಿಯಾಗಿತ್ತು.

“ಎಲ್ಲಿಗಪ್ಪಾ?” ಅನಸೂಯಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಊರಿಗೆ ಹೋಗ್ತೀನವ್ವಾ. ಬಸ್ಸಿನ ಹೊತ್ತಾತು.”

“ನಿನಗೆ ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಅನ್ನಲಿಲ್ಲ. ನಂಗೇ ಗೊತ್ತಾಗಲ್ವಾ? ಉಂಡ ಮನೆ ಅನ್ನಕ್ಕೆ ಕೇಡು ಮಾಡ್ದೆ. ಒಗೆಯಾದು ಒಂದು ಬರ್ತೈತೆ ಅಂದ್ಕಂಡಿದ್ದೆ. ಈಗ ಅದೂ ಬರಲ್ಲ ಅಂತ ಗೊತ್ತಾತಲ್ಲ.”

ಜೀವಮಾನವಿಡೀ ಊರಿನ ಕೊಳೆ ತೊಳೆದವನ ಬಾಯಲ್ಲಿ ಆ ಮಾತು ಕೇಳಿ ನನ್ನ ಎಳೆಯೆಳೆಯೂ ಮುದುರಿತು. ತಿಪ್ಪೇಶಣ್ಣ ಕೈಯೊರೆಸುತ್ತ ಬಂದ.

“ಮಾವ, ಇಸ್ತ್ರಿ ಹಾಕ್ಬೇಡಿ ಅಂತ ಚಿತ್ರ ಬರೆದ ಚೀಟಿ ಇತ್ತು ಇವಕ್ಕೆ. ಅದನ್ನ ಕತ್ತರಿಸಿ ಬಿಸಾಕಿದೋನು ನಾನು. ನಿಮಗೆ ಹೇಳ್ಲೂ ಇಲ್ಲ.”

ಅಜ್ಜ ತಲೆ ಅಲ್ಲಾಡಿಸಿದ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡನೋ ಏನೋ, ಚಪ್ಪಲಿಗೆ ಕಾಲು ಹಾಕಿದ. ಅನಸೂಯಕ್ಕ ಮತ್ತೆ ತಡೆಯಲಿಲ್ಲ. ನೆಲದ ಮೇಲೆ ಚೆಲ್ಲಿದ್ದ ನಮ್ಮನ್ನು ಒಂದೊಂದಾಗಿ ಆಯ್ದು ಟಬ್ಬಿಗೆ ಹಾಕಿದಳು. ಒಲೆಯ ಮೇಲಿನ ಕುದಿಯುವ ನೀರಿನ ಪಾತ್ರೆ ತಂದಳು.

“ಸರಿ, ಹೋಗು. ಹೋಗೋ ಮುಂಚೆ ಇದೊಂದು ಹೇಳು. ಈ ಗಂಜಿ ಬಿಡ್ಸೋದು ಹೆಂಗೆ?”

“ಕುದಿಯೋ ನೀರು ಹಾಕ್ಬ್ಯಾಡ!” ಅಜ್ಜ ಹೊಸಲಿನಿಂದಲೇ ಕೂಗಿದ. “ಗಂಜಿ ಇನ್ನೂ ಗಟ್ಟಿಯಾಗಿ ಕೂರ್ತೈತೆ. ಉಗುರುಬೆಚ್ಚಗೆ ಮಾಡು.”

ಅವಳು ಬೇಕೆಂದೇ ನಮ್ಮನ್ನು ಗಟ್ಟಿಯಾಗಿ ಹಿಂಡತೊಡಗಿದಳು.

“ಹಿಂಡಬ್ಯಾಡವ್ವಾ, ನೆನೀಲಿ ಬಿಡು. ಅಯ್ಯೋ, ಹಂಗಲ್ಲ, ಸರಿ ಆಕಡೆ.”

ಚೀಲ ನೆಲಕ್ಕಿಟ್ಟು ಅಜ್ಜ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ಹಳೆಯ ಬೆರಳುಗಳು ನೀರೊಳಗೆ ನಮ್ಮನ್ನು ಮೆಲ್ಲಗೆ ಜಾಲಾಡಿದವು. ನೀರು ಬೆಳ್ಳಗಾಯಿತು. ಚೆಲ್ಲಿದ, ಮತ್ತೆ ತುಂಬಿದ, ಮತ್ತೆ ಜಾಲಿಸಿದ. ಒಳಗೆ ಹೆಪ್ಪುಗಟ್ಟಿದ್ದ ಗಂಜಿ ಬಿಡುತ್ತ ಬಂದು ಮೈಯೊಳಗೆ ನೀರು ಹೊಕ್ಕಿತು ನೋಡಿ, ಆ ಸುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಧರ್ಮಪುರದ ಬಸ್ಸು ಹಾರನ್ ಹೊಡೆಯುತ್ತ ಹೈವೇಯಲ್ಲಿ ಹೋಯಿತು. ಅಜ್ಜ ತಲೆಯೆತ್ತಲಿಲ್ಲ. ಅನಸೂಯಕ್ಕ ಸದ್ದಿಲ್ಲದೆ ಚೀಲವನ್ನು ಗೂಟಕ್ಕೆ ಹಾಕಿದಳು.

ಆಮೇಲೆ ಅಜ್ಜ ನಮ್ಮನ್ನು ಹೊಸದಾಗಿ ಕಲಿತ. ತಿಪ್ಪೇಶಣ್ಣನನ್ನು ಕೂರಿಸಿಕೊಂಡು ಯಾವುದಕ್ಕೆ ಏನಾಗದು ಎಂದು ಕೇಳಿದ. ನಾವೆಲ್ಲ ಒಂದೇ ನೀಲಿ, ಚಕ್ರ ಒರೆಸಿದ ಬಟ್ಟೆ ಬಾನೆಟ್ಟಿಗೆ ಬಂದರೆ ಅದರಲ್ಲಿ ಉಳಿದ ಮರಳು ಗೀರುತ್ತದೆ ಎಂಬುದು ಅವನಿಗೆ ದೊಡ್ಡ ಚಿಂತೆಯಾಯಿತು. ಕೊನೆಗೆ ಸೂಜಿ ದಾರ ತಂದು ಕೂತ. ಗಾಜಿನವಕ್ಕೆ ಬಿಳಿ ದಾರ, ಬಾನೆಟ್ಟಿನವಕ್ಕೆ ಹಳದಿ, ಚಕ್ರದವಕ್ಕೆ ಕೆಂಪು, ರೇಷ್ಮೆ ಸೀರೆಗೆ ಹಾಕುತ್ತಿದ್ದ ಅದೇ ಹೊಲಿಗೆ. ಕರಡಿ ಕೈಗೂ ಹಳದಿ ದಾರ ಬಿತ್ತು. ಅವಳ ಬಿಂಕ ಕೇಳಬೇಕೆ? ನನ್ನ ಸುಟ್ಟ ಮೂಲೆಯನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಕೆಂಪು ದಾರ ಹಾಕಿ ಚಕ್ರಕ್ಕೆ ಬಿಟ್ಟ. ಬಾನೆಟ್ಟಿನಿಂದ ಚಕ್ರಕ್ಕೆ ಇಳಿದೆನೆಂದು ನನಗೆ ಬೇಸರವಾಗಲಿಲ್ಲ. ಎಸೆಯದೆ ಉಳಿಸಿಕೊಂಡರಲ್ಲ, ಅದೇ ನನಗೆ ಸಾಕಾಗಿತ್ತು.

ಹಾಗೆ ವರ್ಷಗಳು ಕಳೆದವು. ಷಣ್ಮುಖಪ್ಪನವರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಕರಿ ಕಾರಿನಲ್ಲಿ ಬರುತ್ತಿದ್ದರು. ಕೈಗವಸಿನವಳು ಎಳೆ ಉದುರಿ ಬೋಳಾಗಿ ಒಂದು ದಿನ ಹೊರಟುಹೋದಳು. ಅಜ್ಜ ನಮ್ಮ ಒಗೆತದ ಯಜಮಾನನಾಗಿದ್ದ, ಅಳಿಯನನ್ನೂ ಗದರಿಸುವಷ್ಟು. ಆದರೆ ಆ ಒಂದು ಮಾತು ಮಾತ್ರ ಬಿಟ್ಟಿರಲಿಲ್ಲ. ನಿಮ್ಮನೆ ಗೋಡೆ ಬಿರುಕು ಬಿಟ್ಟೈತೆ, ನಿಮ್ಮನೆ ತಂತಿ ಜೋತೈತೆ. ಅನಸೂಯಕ್ಕ ರೇಗುವುದನ್ನು ಬಿಟ್ಟಿದ್ದಳು. ಕೇಳಿಸಿದಾಗ ಅವಳ ಕೈ ಒಂದು ಗಳಿಗೆ ತಡೆಯುವುದನ್ನು ತಂತಿಯ ಮೇಲಿಂದ ನಾನು ಎಷ್ಟೋ ಸಲ ನೋಡಿದ್ದೇನೆ.

ನಾನೂ ಮುದುಕನಾದೆ. ಗ್ರೀಸಿನ ಕಲೆ ಹೋಗದು, ಮೈ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಕಳೆದ ಆಯುಧಪೂಜೆಗೆ ಸಾಮಾನು ವಿಂಗಡಿಸುವಾಗ ತಿಪ್ಪೇಶಣ್ಣ ನನ್ನನ್ನು ಕಸದ ಕಡೆಗೆ ಎಸೆದ. ಅಜ್ಜ ಎದ್ದು ಬಂದು ಎತ್ತಿಕೊಂಡ. ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ಸೂಜಿಯ ಮೊನೆಯಿಂದ ನನ್ನ ಅಂಚಿನ ಕೆಂಪು ದಾರವನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚತೊಡಗಿದ.

“ಬಿಸಾಕೋ ಬಟ್ಟೆಗೆ ದಾರ ಯಾಕೆ ಬಿಚ್ತೀರಿ ಮಾವ?”

“ಬಿಸಾಕಾಕಲ್ಲ. ಒಳಗೆ ಇಟ್ಕಣಾಕೆ.” ಅಜ್ಜ ಕೊನೆಯ ಎಳೆಯನ್ನು ಎಳೆದು ತೆಗೆದ. “ಗುರುತಿಲ್ಲದ್ದು ನಮ್ಮನೇದು.”

ಬಾಗಿಲಲ್ಲಿ ಚೆಂಡುಹೂವು ಕಟ್ಟುತ್ತಿದ್ದ ಅನಸೂಯಕ್ಕ ಹಾಗೇ ನಿಂತಳು. ಅಪ್ಪನ ಮುಖ ನೋಡಿದಳು. ಅಜ್ಜನಿಗೆ ತಾನು ಏನಂದೆನೆಂಬುದೇ ಗೊತ್ತಿರಲಿಲ್ಲ, ನನ್ನ ಅಂಚು ನೀವುತ್ತಿದ್ದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಹೂವಿಗೆ ಕೈ ಹಾಕಿದಳು. ಅಂದು ಸಂಜೆ ಗೂಟದಲ್ಲಿದ್ದ ಚೀಲ ತೆಗೆದು, ಅದರಲ್ಲಿದ್ದ ಪಂಚೆ ಅಂಗಿಗಳನ್ನು ತನ್ನ ಬೀರುವಿಗೆ ಇಟ್ಟಳು. ಅಜ್ಜ ಬೇಡವೆನ್ನಲಿಲ್ಲ.

ಈಗ ಆ ಗೂಟದಲ್ಲಿ ನಾನಿದ್ದೇನೆ. ಬೆಳಗ್ಗೆ ಅಜ್ಜನ ಕನ್ನಡಕ ಒರೆಸುತ್ತೇನೆ, ತಣ್ಣಗೆ ಮೂಲೆಯಲ್ಲಿ ಕೂತಿರುವ ಇಸ್ತ್ರಿ ಪೆಟ್ಟಿಗೆಯ ಧೂಳೂ ಒರೆಸುತ್ತೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೂಲೆಯನ್ನು ಅದು ಸುಡದೆ ಇದ್ದಿದ್ದರೆ ಅಜ್ಜನಿಗೆ ನನ್ನ ನೆನಪು ಎಲ್ಲಿರುತ್ತಿತ್ತು? ನನಗೆ ಬೇರೆ ಟಬ್ಬು ಈಗಿಲ್ಲ. ಅಜ್ಜನ ಪಂಚೆ, ತಿಪ್ಪೇಶಣ್ಣನ ಅಂಗಿ, ಅನಸೂಯಕ್ಕನ ಸೀರೆಯ ಜೊತೆಯಲ್ಲೇ ನನ್ನ ಒಗೆತ. ಅವುಗಳ ಹತ್ತಿಯ ಎಳೆಗಳೆಲ್ಲ ನನ್ನ ಮೈಗೆ ಅಂಟಿಕೊಂಡು ಕೂತಿವೆ. ಯಾರೂ ಕೊಡವುವುದಿಲ್ಲ, ಕೊಡವುವುದು ನನಗೂ ಬೇಡ.